ಬೆಟ್ಟಕ್ಕೆ ಬೇರೆ ಚಕ್ರ

ಜೂನ್ 12, 2005, ಭಾನುವಾರ

ಇವತ್ತು ಬಂಡೆಯ ಮೇಲೆ ಜೀಪು ಹಿಂದಕ್ಕೆ ಜಾರಿತು. ಹೆಚ್ಚೇನಿಲ್ಲ, ಎರಡು ಮಾರು. ಅಷ್ಟರೊಳಗೆ ಹಿಂದೆ ಕೂತಿದ್ದ ಒಂಬತ್ತು ಜನ ಒಂಬತ್ತು ದೇವರನ್ನು ಕರೆದರು. ಅಪ್ಪ ನಮ್ಮ ಮನೆಯಲ್ಲಿ ದೇವರ ಪಟಗಳನ್ನೆಲ್ಲ ಇಳಿಸಿ ಬುದ್ಧನನ್ನು ಇಟ್ಟು ಹದಿನೈದು ವರ್ಷವಾಯಿತು. ಬುದ್ಧನನ್ನು ಇಂಥ ಹೊತ್ತಿನಲ್ಲಿ ಕರೆಯುವ ವಾಡಿಕೆ ಇಲ್ಲ. ನಾನು ಬ್ರೇಕ್ ತುಳಿದುಕೊಂಡು ಕೂತೆ.

ಬಂಡಮೀದಪಲ್ಲಿಗೆ ಹೆಸರೇ ಬಂಡೆಯ ಮೇಲಿನ ಹಳ್ಳಿ ಎಂದು. ನಲವತ್ತು ಮನೆ. ಬಸ್ಸು ಬೆಟ್ಟದ ಬುಡದ ಕ್ರಾಸಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಮೇಲಕ್ಕೆ ನಾಲ್ಕು ಕಿಲೋಮೀಟರ್ ಕಲ್ಲು ಮತ್ತು ಕೆಮ್ಮಣ್ಣು. ಹತ್ತುವುದು ನನ್ನ ಜೀಪೊಂದೇ. ನನ್ನ ತಂಗಿ ಗೌತಮಿಯನ್ನು ಆ ಊರಿಗೇ ಕೊಟ್ಟಿದ್ದೇವೆ, ಅಲ್ಲಿನ ಅಂಗನವಾಡಿಯಲ್ಲಿ ಟೀಚರಾಗಿದ್ದಾಳೆ. ನೂಲಿನ ಕಾರ್ಖಾನೆ ಮುಚ್ಚಿ ನಾನು ಕೆಂಚಾರ್ಲಹಳ್ಳಿಯ ಮನೆಯ ಜಗಲಿ ಸವೆಸುತ್ತಿದ್ದಾಗ "ಜೀಪ್ ತಗೋ ಅಣ್ಣ, ನಮ್ಮೂರಿಗೆ ಓಡ್ಸು" ಅಂದವಳು ಅವಳೇ.

ರಸ್ತೆಯ ಟೈರು ಬಂಡೆಗೆ ಆಗುವುದಿಲ್ಲ. ದೊಡ್ಡ ಹಲ್ಲಿನ ಟೈರು ಹಾಕಿದರೆ ಡಾಂಬರಿನ ಮೇಲೆ ಮೂರು ತಿಂಗಳಲ್ಲಿ ಬೋಳಾಗುತ್ತದೆ, ಊಳಿಡುತ್ತದೆ ಬೇರೆ. ನನಗೋ ಎರಡೂ ಬೇಕು: ಬೆಟ್ಟದ ಬಾಡಿಗೆಯೂ ಚಿಂತಾಮಣಿಯ ಮದುವೆ ಬಾಡಿಗೆಯೂ. ಇನ್ನೊಂದು ಸೆಟ್ ಚಕ್ರ ತೆಗೆದುಕೊಳ್ಳುವುದೇ ಸರಿ. ಬುಡದಲ್ಲಿ ಬದಲಾಯಿಸಿಕೊಂಡು ಹತ್ತುವುದು, ಇಳಿದ ಮೇಲೆ ಮತ್ತೆ ಬದಲಾಯಿಸುವುದು.

ಜೂನ್ 15, ಬುಧವಾರ

ಬರೀ ಟೈರು ಕೊಂಡರೆ ಪ್ರತಿ ಸಲ ರಿಮ್ಮಿನಿಂದ ಬಿಚ್ಚಿ ಹಾಕಬೇಕು, ಅರ್ಧ ದಿನದ ಕೆಲಸ. ರಿಮ್ಮೂ ಬೇಕು. ರಿಮ್ಮಿನ ಮೇಲೆ ಹಳೇ ಪೇಪರ್ ಹರಡಿ ಐದು ತೂತುಗಳನ್ನೂ ಮಗಳ ಪೆನ್ಸಿಲಿನಿಂದ ಗೀಚಿ ತೆಗೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆ. ಅಂಗಡಿಯವನು ಹೊಸ ಟೈರು ಮೂರು ಥರದ್ದನ್ನು ಉರುಳಿಸಿಕೊಂಡು ಬಂದ. ಒಂದು ಕೆಸರಿಗೆ ಒಳ್ಳೆಯದು, ಕಲ್ಲಿಗೆ ಕೊಯ್ದುಹೋಗುತ್ತದೆ. ಇನ್ನೊಂದು ಕಲ್ಲಿಗೆ ಗಟ್ಟಿ, ಕೆಸರಿನಲ್ಲಿ ಹಲ್ಲಿನ ಸಂದು ಮೆತ್ತಿಕೊಂಡು ರೊಟ್ಟಿಯ ಹಾಗಾಗುತ್ತದೆ. ಮೂರನೆಯದು ಎರಡಕ್ಕೂ ಸುಮಾರು ಎಂದು ಅವನೇ ಒಪ್ಪಿಕೊಂಡ.

ಅಳೆದು ಸುರಿದು ಬರಿಗೈಯಲ್ಲಿ ಬಂದೆ. ಅಪ್ಪ, "ಹೆಣ್ಣು ನೋಡೋಕೆ ಹೋದಾಗ್ಲೂ ನೀನು ಹಿಂಗೇ ಮಾಡಿದ್ದೆ" ಅಂದರು. ಒಳಗಿದ್ದ ನನ್ನ ಹೆಂಡತಿ ಯಶೋಧರಾ ನಗಲಿಲ್ಲ.

ಜೂನ್ 18, ಶನಿವಾರ

ಶಿಡ್ಲಘಟ್ಟ. ಗೂಡಿನ ಮಾರ್ಕೆಟ್ಟಿನ ಹಿಂದೆ ವೆಂಕಟರವಣಪ್ಪ ಎಂಬುವರು ಹಳೇ ಟೈರಿಗೆ ಹೊಸ ರಬ್ಬರಿನ ಸೋಲು ಅಂಟಿಸುತ್ತಾರೆ. ಅರ್ಧಕ್ಕರ್ಧ ಕಡಿಮೆ. ಹಲ್ಲು ಆಳವಾಗಿತ್ತು, ನನಗೆ ಮನಸ್ಸಾಯಿತು. ಎಲ್ಲಿಗೆ ಓಡಿಸುತ್ತೀಯ ಎಂದು ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಬೀಡಿ ಸೇದಿದರು.

"ಬಂಡೆ ಕಾದಿರೋವಾಗ ಸುತ್ತಿದ್ರೆ ಸೋಲ್ ಎದ್ಬರತ್ತೆ. ಲೋಡ್ ಗಾಡಿ ಆಗಿದ್ರೆ ಕೊಡ್ತಿದ್ದೆ. ನೀನು ಜನ ಕೂರಿಸ್ತೀನಿ ಅಂತೀಯ. ಬೇಡ, ಹೋಗಪ್ಪ."

ಮಾರುವವನೇ ಬೇಡ ಅಂದ ಮೇಲೆ ಕೊಳ್ಳುವವನು ಏನು ಮಾಡಬೇಕು? ಮಳೆ ಬೇರೆ ಹಿಡಿದಿದೆ. ಮೂರು ಬಾಡಿಗೆ ಬಿಟ್ಟೆ.

ಜೂನ್ 23, ಗುರುವಾರ

ಗೌರಿಬಿದನೂರಿನಲ್ಲಿ ಸಿಕ್ಕಿತು. ಸಿಕ್ಕಿದ್ದು ನನಗಲ್ಲ, ಗೌತಮಿಗೆ.

ಅವಳಿಗೆ ಅಲ್ಲಿ ಏನೋ ತರಬೇತಿ ಇತ್ತು, ಮಧ್ಯಾಹ್ನಕ್ಕೇ ಬಿಟ್ಟರು. ರೈಲ್ವೆ ಸ್ಟೇಷನ್ನಿನ ಹತ್ತಿರ ಮಿಲಿಟರಿಯ ಹಳೇ ಸಾಮಾನು ಹರಾಜಿನಲ್ಲಿ ತಂದು ಮಾರುವವನೊಬ್ಬನಿದ್ದಾನೆ. ನಾನು ಟೈರಿನ ಗೋಡೆ ಬಗ್ಗಿಸಿ ಬಿರುಕು ನೋಡುತ್ತ, ಉಗುರಿನಿಂದ ರಬ್ಬರ್ ಒತ್ತುತ್ತ ನಿಂತಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು ಚಕ್ರಗಳ ರಾಶಿಯ ಮೇಲೆಯೇ ಹತ್ತಿದಳು.

"ಇದು ನೋಡಣ್ಣ. ಹಲ್ಲಿನ ಸಂದಲ್ಲಿ ನನ್ ಬೆರಳು ಪೂರ್ತಿ ಹೋಗತ್ತೆ. ನಮ್ಮೂರ ಬಂಡೆ ಮೇಲೆ ಇದೇ ನಿಲ್ಲೋದು."

ಪೇಪರ್ ಹಿಡಿದು ನೋಡಿದೆ, ಐದು ತೂತೂ ಸರಿಹೋದವು. ಸೀಮೆಸುಣ್ಣದಿಂದ ಗುರುತು ಹಾಕಿ ಒಂದೊಂದು ಚಕ್ರವನ್ನೂ ಒಂದು ಸುತ್ತು ಉರುಳಿಸಿ ನೆಲದ ಮೇಲೆ ಅಳೆದೆವು. ಮೂರು ಸಮ, ಒಂದು ಎರಡು ಬೆರಳು ಗಿಡ್ಡ. ಎರಡು ಬೆರಳಿಗೆ ಏನಾಗುತ್ತದೆ ಎಂದು ಅಂಗಡಿಯವನ ವಾದ. ನಾಲ್ಕೂ ಚಕ್ರಕ್ಕೆ ಗೇರ್ ಹಾಕಿದಾಗ ಒಂದು ಗಿಡ್ಡ ಇದ್ದರೆ ಒಳಗಿನ ಹಲ್ಲುಗಳು ಒಂದನ್ನೊಂದು ಕಚ್ಚಿಕೊಂಡು ಕೂರುತ್ತವೆ ಎಂದು ನಾನು ವಿವರಿಸಿದೆ. ಗೌತಮಿ ವಿವರಿಸಲಿಲ್ಲ, ನಾಲ್ಕನೆಯದು ಸಿಗುವ ತನಕ ರಾಶಿಯಿಂದ ಇಳಿಯಲೇ ಇಲ್ಲ.

ಲಗೇಜ್ ಆಟೋದ ಹಿಂದೆ ಚಕ್ರಗಳ ಮೇಲೆ ಕೂತು ಬಂದೆವು. ಅವಳ ಸೀರೆಯೆಲ್ಲ ಕಪ್ಪು. "ನನ್ ಮದುವೆಗೆ ಗಂಡು ನೋಡಿದಾಗ ಇಷ್ಟು ಅಳತೆ ಹಿಡಿದಿರ್ಲಿಲ್ಲ ನೀವು" ಅಂದಳು. ಬಹಳ ದಿನಗಳ ಮೇಲೆ ನಕ್ಕೆ.

ಜೂನ್ 27, ಸೋಮವಾರ

ಕ್ರಾಸಿನಲ್ಲಿ ಗಂಗುಲಪ್ಪನ ಪಂಕ್ಚರ್ ಶೆಡ್ಡಿದೆ. ಯಾವ ಸೆಟ್ಟು ಬೇಡವೋ ಅದನ್ನು ಅಲ್ಲಿಡುವುದೆಂದು ಮಾತಾಯಿತು. ನಾಲ್ಕೂ ಬದಲಾಯಿಸಲು ಮೊದಲ ಸಲ ಐವತ್ತೈದು ನಿಮಿಷ ಹಿಡಿಯಿತು, ಸೊಂಟ ಬಿದ್ದುಹೋಯಿತು. ಆದರೆ ಬಂಡೆಯನ್ನು ಮೇಕೆಯ ಹಾಗೆ ಹತ್ತಿತು. ಅಂಗನವಾಡಿಯ ಮಕ್ಕಳು ಚಪ್ಪಾಳೆ ತಟ್ಟಿದರು. ಗೌತಮಿ ಹೇಳಿಕೊಟ್ಟಿರಬೇಕು.

ಜುಲೈ 20, ಬುಧವಾರ

ಬರೆಯಲು ಮನಸ್ಸಿಲ್ಲ, ಬರೆಯದಿದ್ದರೆ ಮಲಗಲು ಆಗುವುದಿಲ್ಲ.

ಮೇಲಿನ ಊರಿನ ಮುದುಕನೊಬ್ಬ ಆಸ್ಪತ್ರೆಯಲ್ಲಿ ತೀರಿಕೊಂಡ. ಪೇಟೆಯ ವ್ಯಾನಿನವನು ಹೆಣವನ್ನು ಕ್ರಾಸಿನಲ್ಲಿ ಇಳಿಸಿ ಹೊರಟುಹೋದ. ಮುಂಚೆ ಆಗಿದ್ದರೆ ಬೊಂಬು ಕಟ್ಟಿ ಹೆಗಲ ಮೇಲೆ ಹೊರುತ್ತಿದ್ದರು. ಇವತ್ತು ಎಲ್ಲರೂ ನನ್ನ ಜೀಪಿನ ಹಲ್ಲಿನ ಟೈರುಗಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಹಿಂದಿನ ಬಾಗಿಲು ತೆಗೆದೆ.

ಬಂಡೆಯ ಮೇಲೆ ಹತ್ತುವಾಗ ಹೆಣ ಹಿಂದಕ್ಕೆ ಸರಿಯಿತು. ಸತ್ತವನ ಮಗ ಕಾಲು ಹಿಡಿದುಕೊಂಡು "ನಿದಾನ ನಾಯ್ನಾ, ನಿದಾನ" ಎನ್ನುತ್ತಿದ್ದ. ಅವರ ತೆಲುಗಿನಲ್ಲಿ ಹೆತ್ತ ಅಪ್ಪನೂ ನಾಯ್ನಾ, ಯಾರನ್ನಾದರೂ ಅಕ್ಕರೆಯಿಂದ ಕರೆಯುವುದೂ ನಾಯ್ನಾ. ನನಗೆ ಹೇಳಿದನೋ ತನ್ನ ಅಪ್ಪನಿಗೆ ಹೇಳಿದನೋ.

ಜುಲೈ 24, ಭಾನುವಾರ

ನಾಲ್ಕು ದಿನದಿಂದ ಜೀಪಿಗೆ ಒಂದು ನರಪಿಳ್ಳೆ ಹತ್ತಿಲ್ಲ. ಬೆಟ್ಟದಿಂದ ನಡೆದೇ ಇಳಿಯುತ್ತಿದ್ದಾರೆ. ಇವತ್ತು ಮೇಲಿನ ಊರಿನ ಕದಿರಮ್ಮ ಮೊಮ್ಮಗಳ ಕಿವಿ ಚುಚ್ಚಿಸಲು ಕ್ರಾಸಿನ ತನಕ ನಡೆದು ಬಂದು ಬಸ್ಸಿಗೆ ಕಾಯುತ್ತಿದ್ದಳು. ಬಸ್ಸು ಕೆಟ್ಟಿತ್ತು. ಬನ್ನಿ ಅಂದೆ. ಮುದುಕಿ ಒಂದು ಹೆಜ್ಜೆ ಹಿಂದೆ ಇಟ್ಟಳು.

"ಏಮಪ್ಪಾ, ಹೆಣ ತಂದ ಗಾಡೀಲಿ ಮಗೂನ ಹೆಂಗ್ ಕೂರಿಸ್ಲಿ? ಸ್ಮಶಾನಕ್ಕೆ ಹೋದ್ ಚಕ್ರ ಅದು."

ಏನು ಹೇಳಿದರೆ ಹತ್ತುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. "ಆ ಚಕ್ರ ಬೇರೆ ಕಣಮ್ಮ" ಅಂದೆ. "ಅದು ಶೆಡ್ಡಲ್ಲಿದೆ ನೋಡು. ಹೆಣಕ್ಕೆ ಬೇರೆ ಚಕ್ರ, ಜನಕ್ಕೆ ಬೇರೆ ಚಕ್ರ. ಗಾಡಿ ನೆಲ ಮುಟ್ಟೋದು ಚಕ್ರದಲ್ಲಿ ತಾನೇ? ಮೈಲಿಗೆ ಏನಿದ್ರೂ ಅದಕ್ಕೇ."

ಕದಿರಮ್ಮ ಶೆಡ್ಡಿನೊಳಗೆ ಇಣುಕಿ ನೋಡಿದಳು. ಬಂದು ಜೀಪಿನ ಟೈರನ್ನು ಕೈಯಿಂದ ಸವರಿದಳು. ಹತ್ತಿದಳು.

ಎಷ್ಟು ಸಲೀಸಾಗಿ ಬಂತು ಆ ಮಾತು! ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಹಾಗೆ.

ಆಗಸ್ಟ್ 16, ಮಂಗಳವಾರ

ಸುದ್ದಿ ಕಾಲಿಲ್ಲದೆ ಬೆಟ್ಟ ಹತ್ತಿದೆ. ಆಚೆಯ ಎರಡು ಹಳ್ಳಿಯವರೂ ಹೆಣ ಬಂದರೆ ನನಗೇ ಹೇಳಿಕಳಿಸುತ್ತಾರೆ. ಮದುವೆಯವರೂ ಕರೆಯುತ್ತಾರೆ, ಬಂದವರು ಮೊದಲು ಟೈರು ಸವರಿ ನುಣುಪಾಗಿದೆ ಎಂದು ಖಾತರಿ ಮಾಡಿಕೊಂಡು ಕೂರುತ್ತಾರೆ. ಬೆಟ್ಟದ ಮೇಲೆ ಜೀಪು ಹತ್ತುವವರಿಗೆ ಬೇರೆ ದಾರಿಯಿಲ್ಲ, ಹಲ್ಲಿನ ಚಕ್ರದ ಮೇಲೆಯೇ ಇಳಿಯಬೇಕು. ಕ್ರಾಸಿನ ತನಕ ಊರ ಗಡಿ, ಅಲ್ಲಿಯ ತನಕ ದೋಷವಿಲ್ಲ ಎಂದು ಅವರೇ ಒಂದು ಕಾನೂನು ಮಾಡಿಕೊಂಡಿದ್ದಾರೆ. ಕ್ರಾಸಿನಲ್ಲಿ ಬದಲಾಯಿಸಲೇಬೇಕು. ಈಗ ನಾನೂ ಗಂಗುಲಪ್ಪನೂ ಸೇರಿ ಹದಿನೆಂಟು ನಿಮಿಷಕ್ಕೆ ಮುಗಿಸುತ್ತೇವೆ.

ಅಪ್ಪನಿಗೆ ಯಾರೋ ಹೇಳಿದ್ದಾರೆ. ಊಟಕ್ಕೆ ಕೂತಾಗ, "ಮುನೇಶಪ್ಪ, ನಮ್ಮ ತಾತನ್ನ ಊರ ಹೊರಗಿಟ್ಟಿದ್ರು, ಬಾವಿ ಮುಟ್ಟಬೇಡ ಅಂದಿದ್ರು. ಆ ಮೈಲಿಗೆ ಅನ್ನೋ ಮಾತು ಈ ಮನೇಲಿ ಆಡಬಾರದು ಅಂತ ನಾನು ಮೂವತ್ತು ವರ್ಷ ಮೇಷ್ಟ್ರಾಗಿ ಹೇಳ್ಕೊಂಡು ಬಂದೆ. ನೀನು ಹೋಗಿ ನಾಲ್ಕು ಚಕ್ರಾನ ಹೊರಗಿಟ್ಯಲ್ಲಪ್ಪ" ಅಂದರು.

ವ್ಯಾಪಾರಕ್ಕೆ ಆಡಿದ ಮಾತು ಅಪ್ಪ ಅಂದೆ. ನಂಬುವವರು ನಂಬಿಕೊಳ್ಳಲಿ, ನಾನು ನಂಬಿದ್ದೇನೆಯೇ? ಅಪ್ಪ ಮಜ್ಜಿಗೆ ಬಡಿಸಿಕೊಳ್ಳದೆ ಎದ್ದರು. ರಿಟೈರಾದ ಮೇಷ್ಟರುಗಳಿಗೆ ಎಲ್ಲದರಲ್ಲೂ ಪಾಠ ಕಾಣುತ್ತದೆ.

ಸೆಪ್ಟೆಂಬರ್ 9, ಶುಕ್ರವಾರ

ಬೆಟ್ಟದ ಚಕ್ರವೊಂದರ ಟ್ಯೂಬು ಗಾಳಿ ಬಿಡುತ್ತಿತ್ತು, ಮನೆಗೆ ತಂದಿದ್ದೆ. ಸಂಜೆ ನೋಡಿದರೆ ಮಗಳು ಅದರೊಳಗೆ ಕಾಲಿಳಿಸಿ ಕೂತು ಬೊಂಬೆಗೆ ಅನ್ನ ಉಣಿಸುತ್ತಿದ್ದಾಳೆ. ರಟ್ಟೆ ಹಿಡಿದು ಎಳೆದು ಒಂದು ಬಾರಿಸಿದೆ. ಅವಳನ್ನು ಹೊಡೆದದ್ದು ಇದೇ ಮೊದಲು. ಯಶೋಧರಾ ಓಡಿ ಬಂದು ಏನಾಯಿತು ಎಂದಳು. "ಗ್ರೀಸು ಬಟ್ಟೆಗೆ ಹತ್ತಿದ್ರೆ ಹೋಗಲ್ಲ" ಅಂದೆ. ಆಮೇಲೆ ಮಗಳಿಗೆ ತಲೆಗೆ ಸ್ನಾನ ಮಾಡಿಸು ಅಂದೆ. ಗ್ರೀಸಿಗೆ ತಲೆಗೇಕೆ ಸ್ನಾನ ಎಂದು ಅವಳು ಕೇಳಿದಳು. ಹೆಂಗಸರ ಬಾಯಿಗೆ ಉತ್ತರ ಕೊಟ್ಟು ಪೂರೈಸುವುದಿಲ್ಲ.

ಶೆಡ್ಡಿನಲ್ಲಿ ಜಾಗ ಸಾಲದು. ಆ ನಾಲ್ಕನ್ನೂ ಹಿಂದಿನ ಹೊಂಗೆ ಮರದ ಕೆಳಗೆ ಟಾರ್ಪಾಲು ಮುಚ್ಚಿ ಇಟ್ಟಿದ್ದೇನೆ. ಬದಲಾಯಿಸಿದ ದಿನ ಗಂಗುಲಪ್ಪನ ಬೋರಿನ ಹತ್ತಿರವೇ ಸ್ನಾನ ಮುಗಿಸಿ ಮನೆಗೆ ಬರುತ್ತೇನೆ. ಸೆಖೆ ಜಾಸ್ತಿಯಾಗಿದೆ ಈ ಸಲ.

ಅಕ್ಟೋಬರ್ 2, ಭಾನುವಾರ

ಗೌತಮಿಯೊಡನೆ ಜಗಳ. ಬೆಟ್ಟದಿಂದ ಇವತ್ತು ಅವಳೊಬ್ಬಳೇ ಇಳಿದಳು, ಚಿಂತಾಮಣಿಗೆ ಹೋಗುವುದಿತ್ತು. ಕ್ರಾಸಿನಲ್ಲಿ ಜಾಕಿ ತೆಗೆದೆ.

"ಬಿಚ್ಚಬೇಡ. ಹಿಂಗೇ ಹೋಗಣ."

ಡಾಂಬರಿಗೆ ಟೈರು ಸವೆಯುತ್ತದೆ ಎಂದೆ.

"ಒಂದಿನಕ್ಕೆ ಏನೂ ಸವೆಯಲ್ಲ. ಜನ ನೋಡ್ಲಿ ಅಂತಾನೇ ಹೇಳ್ತಿದೀನಿ. ಅಂಗನವಾಡೀಲಿ ಮಕ್ಕಳು ಆಟ ಆಡ್ತಾರೆ ಅಣ್ಣ, ನಾಲ್ಕು ಜನ ಚಕ್ರ ಆಗ್ತಾರೆ, ಅವ್ರನ್ನ ಯಾರೂ ಮುಟ್ಟಬಾರದು. ಅವರಿಗೆ ನಾನೇನ್ ಹೇಳ್ಲಿ? ನಮ್ಮಣ್ಣನ ಬಾಯಿಂದ ಬಂದಿದ್ದು ಅಂತಾನಾ? ಬಾ, ನನ್ನನ್ನ ಇದ್ರಲ್ಲೇ ಕೂರಿಸ್ಕೊಂಡು ಪೇಟೆ ಸುತ್ತಿಸು."

ನಾನು ನಟ್ಟು ಬಿಚ್ಚತೊಡಗಿದೆ. ಅವಳು ಜೀಪಿಳಿದು ಬಸ್ಸಿಗೆ ಹೋಗಿ ನಿಂತಳು. ಅರ್ಧ ಗಂಟೆ ಬಿಸಿಲಲ್ಲಿ ನಿಂತೇ ಇದ್ದಳು. ಚಿಕ್ಕಂದಿನಿಂದಲೂ ಹಟಮಾರಿ. ಅವಳಿಗೆ ತಿಂಗಳ ಸಂಬಳ ಬರುತ್ತದೆ, ನನ್ನ ಕಷ್ಟ ತಿಳಿಯುವುದಿಲ್ಲ.

ಟೈರು ಸವೆಯುತ್ತದೆ ಎಂದದ್ದು ಸುಳ್ಳೇನೂ ಅಲ್ಲ.

ಅಕ್ಟೋಬರ್ 11, ಮಂಗಳವಾರ

ಆಯುಧಪೂಜೆ. ಗಂಗುಲಪ್ಪ ಶೆಡ್ಡಿನ ಸ್ಪ್ಯಾನರಿನಿಂದ ಹಿಡಿದು ಗಾಳಿ ಪಂಪಿನ ತನಕ ಎಲ್ಲಕ್ಕೂ ಕುಂಕುಮ ಇಟ್ಟ. ಹೊಂಗೆ ಮರದ ಕಡೆ ಹೋಗಲಿಲ್ಲ. ನಾನೂ ಹೋಗೆಂದು ಹೇಳಲಿಲ್ಲ.

ಅಕ್ಟೋಬರ್ 26, ಬುಧವಾರ

ಗೌತಮಿಯನ್ನು ಮಧ್ಯಾಹ್ನ ಬಂಡಮೀದಪಲ್ಲಿಯಲ್ಲಿ ಮಣ್ಣು ಮಾಡಿದೆವು. ಹತ್ತುವ ಮುಂಚೆ ಕ್ರಾಸಿನಲ್ಲಿ ಚಕ್ರ ಬದಲಾಯಿಸಿದೆ. ಇಳಿದ ಮೇಲೂ ಬದಲಾಯಿಸಿದೆ.

ನವೆಂಬರ್ 4, ಶುಕ್ರವಾರ

ಅಪ್ಪ ಅವಳ ಹಳೇ ಶಾಲೆಯ ನೋಟ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತಿರುತ್ತಾರೆ. ನಾನು ಬರೆದಿಡುತ್ತೇನೆ.

ಆವತ್ತು, ಇಪ್ಪತ್ತೈದನೇ ತಾರೀಕು ಮಂಗಳವಾರ ಬೆಳಿಗ್ಗೆ, ಆವುಲಪ್ಪ ಎಂಬುವರ ಹೆಣವನ್ನು ಬಂಡಮೀದಪಲ್ಲಿಗೆ ಏರಿಸಿದ್ದೆ. ಅವರ ಮನೆಯ ಮುಂದೆ ಅಳು ಇನ್ನೂ ನಿಂತಿರಲಿಲ್ಲ. ಜೀಪಿನ ಹಲಗೆಯ ಮೇಲೆ ಹೆಣದ ಚೆಂಡುಹೂವು ಬಿದ್ದಿತ್ತು, ಗುಡಿಸುತ್ತಿದ್ದೆ. ಆಗ ಗೌತಮಿಯ ಗಂಡ ಸುನೀಲ್ ಓಡಿ ಬಂದ. ಅಂಗನವಾಡಿಯ ಸೌದೆ ತೆಗೆಯುವಾಗ ಅವಳಿಗೆ ನಾಗರ ಕಚ್ಚಿದೆ.

ಅವಳು ಹೆದರಿರಲಿಲ್ಲ. ಟವೆಲ್ ಕಟ್ಟಿದ ಕಾಲನ್ನು ಎಳೆದುಕೊಂಡು ತಾನೇ ಬಂದು ಹತ್ತಿದಳು. "ಹತ್ತೂಕಾಲು ಗಂಟೆಗೆ ಕಚ್ತು. ಡಾಕ್ಟರ್ ಕೇಳ್ತಾರೆ, ನೆನಪಿಟ್ಕೋ ಅಣ್ಣ" ಅಂದಳು. ಹಿಂದಿನ ದಿನಗಳ ಮಳೆಗೆ ದಾರಿ ಕೊರೆದುಹೋಗಿತ್ತು, ಆದರೂ ಇಪ್ಪತ್ತು ನಿಮಿಷಕ್ಕೆ ಇಳಿಸಿದೆ. ಆ ಟೈರುಗಳಲ್ಲದಿದ್ದರೆ ಇಳಿಯಲು ಆಗುತ್ತಲೇ ಇರಲಿಲ್ಲ. ಇಷ್ಟನ್ನು ಯಾರು ಬೇಕಾದರೂ ಒಪ್ಪುತ್ತಾರೆ.

ಕ್ರಾಸಿನಲ್ಲಿ ನಿಲ್ಲಿಸಿದೆ. ಗಂಗುಲಪ್ಪ ಜಾಕಿ ಹಿಡಿದೇ ನಿಂತಿದ್ದ. ಅವನಿಗೇನು ಗೊತ್ತು, ಜೀಪಿನ ಸದ್ದು ಕೇಳಿದರೆ ಜಾಕಿ ತರುವುದು ಅವನ ರೂಢಿ. ಸುನೀಲನೂ ಇಳಿದು ಕೈ ಹಾಕಿದ. ಹಿಂದಿನ ಎಡಗಡೆಯ ನಟ್ಟೊಂದು ಹಿಡಿದುಕೊಂಡಿತು, ಎಷ್ಟು ತುಳಿದರೂ ಬಿಡಲಿಲ್ಲ. ಜೀಪು ಒಂದು ಕಡೆಗೆ ವಾಲಿಕೊಂಡಿತ್ತು, ಒಳಗೆ ಅವಳೂ ವಾಲಿಕೊಂಡಿದ್ದಳು.

"ಯಾಕಣ್ಣ ನಿಲ್ಸ್ದೆ?"

"ಎರಡು ನಿಮಿಷ ಕಣಮ್ಮ."

ಸ್ವಲ್ಪ ಹೊತ್ತಿನ ಮೇಲೆ, "ಎಲ್ಲಾ ಎರಡೆರಡು ಕಾಣ್ತಿದೆ" ಅಂದಳು. ನೋಡಿದರೆ ರೆಪ್ಪೆಗಳು ಜೋತುಬಿದ್ದಿದ್ದವು, ಎತ್ತಲು ಆಗುತ್ತಿರಲಿಲ್ಲ. ಮಾತು ತೊದಲುತ್ತಿತ್ತು. ಕೊನೆಯ ಚಕ್ರಕ್ಕೆ ಮೂರೇ ನಟ್ಟು ಹಾಕಿ ಹೊರಟೆ.

ಆಸ್ಪತ್ರೆ ಮುಟ್ಟುವಾಗ ಉಸಿರು ಎಳೆದುಕೊಳ್ಳುತ್ತಿದ್ದಳು. ಗಂಟಲಿಗೆ ಕೊಳವೆ ಇಳಿಸಿ ಸಂಜೆಯ ತನಕ ಚೀಲವನ್ನು ಕೈಯಿಂದ ಅದುಮಿ ಅದುಮಿ ಉಸಿರು ಕೊಟ್ಟರು. ಮೂರು ಜನ ಸರದಿಯ ಮೇಲೆ ಅದುಮಿದರು. ಅವರ ಕೈಗಳನ್ನು ನಾನು ಮರೆಯಲಾರೆ. ಆರು ಗಂಟೆಗೆ ಮುಗಿಯಿತು.

ಬೇಗ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲ. ಕೆಲವರು ಉಳೀತಾರೆ, ಕೆಲವರು ಉಳಿಯಲ್ಲ" ಅಂದರು. ಉಳಿಯುತ್ತಿರಲಿಲ್ಲ ಎಂದು ಅವರು ಹೇಳಬಹುದಿತ್ತು.

ನವೆಂಬರ್ 13, ಭಾನುವಾರ

ಸುನೀಲ್ ಬಂದಿದ್ದ. ಅವಳ ಸೀರೆಗಳನ್ನು ಯಶೋಧರಾಗೆ ಕೊಟ್ಟ. ಊಟ ಮಾಡಿದ. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ತಲೆ ಬಗ್ಗಿಸಿಕೊಂಡೇ ಕೇಳಿದ.

"ಬಾವ, ಆವತ್ತು ಚಕ್ರ ಯಾಕೆ ಬದಲಾಯಿಸ್ದ್ವಿ?"

"ಆ ಟೈರಲ್ಲಿ ಡಾಂಬರ್ ಮೇಲೆ ಸ್ಪೀಡ್ ಬರಲ್ಲ ಕಣಪ್ಪ. ನಲವತ್ತು ದಾಟಿದ್ರೆ ಸ್ಟೇರಿಂಗ್ ಹಿಡಿಯೋಕಾಗಲ್ಲ."

"ನಾನೂ ಹಂಗೇ ಅಂದ್ಕಂಡೆ" ಅಂದ. ಅವನ ಮುಖ ಸ್ವಲ್ಪ ಹಗುರಾದದ್ದು ಕಂಡಿತು. ಅವನೂ ನಟ್ಟು ಬಿಚ್ಚಿದವನು, ಪಾಪ. ಆ ಕಾರಣ ಅವನಿಗೂ ಬೇಕಿತ್ತು.

ಅವನು ಹೋದ ಮೇಲೆ ಲೆಕ್ಕ ಹಾಕಿದೆ. ಕ್ರಾಸಿನಿಂದ ಆಸ್ಪತ್ರೆಗೆ ಇಪ್ಪತ್ತೆರಡು ಕಿಲೋಮೀಟರ್. ಹಲ್ಲಿನ ಟೈರಿನಲ್ಲಿ ನಲವತ್ತರಲ್ಲಿ ಹೋದರೆ ಮೂವತ್ತಮೂರು ನಿಮಿಷ. ರಸ್ತೆಯ ಟೈರಿನಲ್ಲಿ ಅರವತ್ತರಲ್ಲಿ ಹೋದರೆ ಇಪ್ಪತ್ತೆರಡು. ಉಳಿಯುವುದು ಹನ್ನೊಂದು. ಬದಲಾಯಿಸಲು ಹಿಡಿದದ್ದು ಇಪ್ಪತ್ತೈದು. ಎರಡನೇ ಕ್ಲಾಸಿನ ಹುಡುಗಿ ಮಾಡುವ ಕಳೆಯುವ ಲೆಕ್ಕ.

ಆವತ್ತು ಯಾವ ಲೆಕ್ಕವನ್ನೂ ನಾನು ಹಾಕಲಿಲ್ಲ. ಈ ಪುಸ್ತಕ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಒಂದು ಗಂಟೆಯ ಹಿಂದೆ ಹೆಣ ಇಳಿಸಿದ ಚಕ್ರ ಅದು. ಅದರ ಮೇಲೆ ಹೋದವಳು ತಿರುಗಿ ಬರುವುದಿಲ್ಲ ಎಂದು ನನಗೆ ಅನ್ನಿಸಿತು. ಸುನೀಲ್ ನಿಲ್ಲಿಸು ಅನ್ನಲಿಲ್ಲ, ಗಂಗುಲಪ್ಪ ಅನ್ನಲಿಲ್ಲ, ಅವಳಂತೂ ಅನ್ನಲೇ ಇಲ್ಲ. ನಿಲ್ಲಿಸಿದವನು ನಾನು. ಕದಿರಮ್ಮನನ್ನು ಜೀಪು ಹತ್ತಿಸಲು ನಾನೇ ಕಟ್ಟಿದ ಸುಳ್ಳು ಅದು, ಅದು ಹುಟ್ಟಿದ ದಿನ ಗೊತ್ತು, ಜಾಗ ಗೊತ್ತು. ಆದರೂ ನಿಲ್ಲಿಸಿದೆ.

ನನ್ನ ತಂಗಿಯನ್ನು ನಾನು ಕೊಂದೆ ಎಂದು ಬರೆದು ನೋಡಿದೆ. ಅಕ್ಷರ ಚೆನ್ನಾಗಿಯೇ ಬಂದಿದೆ.

ಡಿಸೆಂಬರ್ 1, ಗುರುವಾರ

ತಿಂಗಳಿನ ಮೇಲೆ ಇವತ್ತು ಬೆಟ್ಟ ಹತ್ತಿದೆ. ಹೊರಡುವ ಮುಂಚೆಯೇ ಒಂದು ತೀರ್ಮಾನ ಮಾಡಿಕೊಂಡಿದ್ದೆ: ಇನ್ನು ಮೇಲೆ ಕ್ರಾಸಿನಲ್ಲಿ ನಿಲ್ಲಿಸುವುದಿಲ್ಲ. ಟೈರು ಸವೆದರೆ ಸವೆಯಲಿ. ಯಾರಾದರೂ ಕೇಳಿದರೆ ನಿಜ ಹೇಳಿಬಿಡುತ್ತೇನೆ.

ಮೇಲೆ ಹೋಗುವಷ್ಟರಲ್ಲಿ ಕದಿರಮ್ಮ ಮೊಮ್ಮಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಂಗನವಾಡಿಯ ಮುಂದೆ ನಿಂತಿದ್ದಳು. ಮೂರು ದಿನದ ಜ್ವರ, ಬೆಳಿಗ್ಗೆ ಫಿಟ್ಸ್ ಬಂದಿತ್ತಂತೆ. ಮಗುವಿನ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಹತ್ತಿಸಿಕೊಂಡು ಇಳಿಸಿದೆ. ಕ್ರಾಸು ಬಂತು, ಗಂಗುಲಪ್ಪ ಎದ್ದು ನಿಂತ, ನಾನು ದಾಟಿಕೊಂಡು ಹೋದೆ.

ಹಿಂದಿನಿಂದ ಕದಿರಮ್ಮ ಜೀಪಿನ ತಗಡು ಬಡಿಯತೊಡಗಿದಳು. ಕೇಳದವನಂತೆ ಓಡಿಸಿದೆ. ಮುದುಕಿ ಮಗುವನ್ನು ಅವುಚಿಕೊಂಡು ಒಂದು ಕಾಲನ್ನು ಹೊರಗಿಟ್ಟಳು, ಇಳಿದೇ ಬಿಡುವವಳ ಹಾಗೆ. ಬ್ರೇಕ್ ಹಾಕಿದೆ.

"ಅಮ್ಮ, ಕೂತ್ಕೋ. ಹೊತ್ತಾಗತ್ತೆ. ಆ ಚಕ್ರದಲ್ಲಿ ಏನೂ ಇಲ್ಲ, ಬರೀ ರಬ್ಬರ್ ಅದು. ಅವತ್ತು ನೀನು ಹತ್ತಲಿ ಅಂತ ನಾನು ಸುಳ್ಳು ಹೇಳ್ದೆ. ಮೈಲಿಗೆ ಗಿಯ್ಲಿಗೆ ಎಲ್ಲಾ ನಾನೇ ಕಟ್ಟಿದ್ದು. ನನ್ ಮಗಳ ಆಣೆ."

ಅವಳು ಸಿಟ್ಟಾಗಲಿಲ್ಲ. ಬುದ್ಧಿ ಕೆಟ್ಟವನನ್ನು ನೋಡುವ ಹಾಗೆ ನನ್ನನ್ನು ಕನಿಕರದಿಂದ ನೋಡಿದಳು.

"ಸುಳ್ಳಾಗಿದ್ರೆ ಗೌತಮಮ್ಮನ್ನ ಕರ್ಕೊಂಡ್ ಬಂದಾಗ ಯಾಕಪ್ಪ ಬದಲಾಯ್ಸ್ದೆ? ಒಡಹುಟ್ಟಿದ ತಂಗಿ. ಹಾವು ಕಚ್ಚಿ ಪ್ರಾಣ ಹೋಗ್ತಿತ್ತು. ಆಗ್ಲೂ ನಿಲ್ಸಿ ಬದಲಾಯಿಸ್ದೆ ಅಂತ ಬೆಟ್ಟದ ಮೇಲೆ ಎಲ್ರಿಗೂ ಗೊತ್ತು. ಗೊತ್ತಿದ್ದೋನು ನೀನು. ದುಃಖಕ್ಕೆ ಹಿಂಗ್ ಮಾತಾಡ್ತಿದೀಯ. ತಿರುಗ್ಸು ನಾಯ್ನಾ, ಮಗು ಮೇಲೆ ಕರುಣೆ ಇಡು."

ಮಗು ಮತ್ತೆ ಸೆಟೆದುಕೊಳ್ಳುತ್ತಿತ್ತು. ಇನ್ನೂ ವಾದ ಮಾಡುತ್ತ ಕೂತರೆ ಅವಳು ಇಳಿದು ನಡೆಯುತ್ತಾಳೆ. ಜೀಪು ತಿರುಗಿಸಿದೆ. ಗಂಗುಲಪ್ಪ ರಸ್ತೆಯ ಚಕ್ರಗಳನ್ನು ಆಗಲೇ ಉರುಳಿಸಿಕೊಂಡು ಬಂದಿದ್ದ. ಹದಿನೇಳು ನಿಮಿಷಕ್ಕೆ ಮುಗಿಸಿದೆವು.

ಮಗು ಉಳಿಯಿತು. ಸಂಜೆ ವಾರ್ಡಿನಲ್ಲಿ ಬನ್ನು ತಿನ್ನುತ್ತಿತ್ತು. ಕದಿರಮ್ಮ ಪಕ್ಕದ ಮಂಚದವರಿಗೆ ನನ್ನನ್ನು ತೋರಿಸಿ, "ಈಯಪ್ಪ ಚಕ್ರ ಬದಲಾಯ್ಸಿದ್ಕೆ ಉಳೀತು" ಎಂದು ಹೇಳುತ್ತಿದ್ದಳು. ಅವರು ತಲೆಯಾಡಿಸಿದರು. ನನ್ನ ಫೋನ್ ನಂಬರ್ ಕೇಳಿದರು, ಅವರದೂ ಒಂದು ಬೆಟ್ಟದ ಊರಂತೆ. ಬರೆದು ಕೊಟ್ಟು ಬಂದೆ.